ಇಂಟರ್‌ಕಾಮ್ ಹೆಡ್‌ಸೆಟ್‌ನಲ್ಲಿ ದನಿಯ ಮಟ್ಟ: ಯಾವ ಸಾಧನ ಕೊಳ್ಳಬೇಕು, ಯಾವ ತಿರುಪು ಮುಟ್ಟಬೇಕು

ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಒಂದು ನಾಟಕವನ್ನು ಮೂರು ಕ್ಯಾಮೆರಾ ಇಟ್ಟು ನೇರ ಪ್ರಸಾರ ಮಾಡುತ್ತಿದ್ದಾಗ, ಎರಡನೆಯ ಕ್ಯಾಮೆರಾದ ಹುಡುಗ ಮೊದಲ ಅಂಕ ಮುಗಿಯುವುದರೊಳಗೆ ನಾಲ್ಕು ಸಲ "ಸರ, ನಿಮ್ಮ ದನಿ ಕೇಳವಲ್ದರಿ" ಎಂದ. ಅವನ ಬೆಲ್ಟ್‌ಪ್ಯಾಕಿನ, ಅಂದರೆ ಹೆಡ್‌ಸೆಟ್ ಜೋಡಿಸಿ ಸೊಂಟಕ್ಕೆ ಸಿಕ್ಕಿಸುವ ಪೆಟ್ಟಿಗೆಯ, ವಾಲ್ಯೂಮ್ ಗುಂಡಿ ಆಗಲೇ ಕೊನೆ ಮುಟ್ಟಿತ್ತು. ಮಧ್ಯಂತರದಲ್ಲಿ ಹೋಗಿ ಅವನ ಹೆಡ್‌ಸೆಟ್, ಕೇಬಲ್, ಪೆಟ್ಟಿಗೆ ಎಲ್ಲವನ್ನೂ ಬದಲಿಸಿ ನೋಡಿದೆ, ಯಾವುದರಲ್ಲಿಯೂ ದೋಷವಿರಲಿಲ್ಲ. ದೋಷವಿದ್ದದ್ದು ನನ್ನಲ್ಲಿ. ನನ್ನ ಹೆಡ್‌ಸೆಟ್‌ನಲ್ಲಿ ನನ್ನದೇ ದನಿ ಜೋರಾಗಿ ಮರಳಿ ಕೇಳುತ್ತಿದ್ದುದರಿಂದ ನಾನು ಅರಿವಿಲ್ಲದೆ ಪಿಸುಮಾತಿಗೆ ಇಳಿದಿದ್ದೆ, ಮೈಕಿನ ತೋಳು ಬೇರೆ ಗದ್ದದ ಕೆಳಗೆ ಜಾರಿತ್ತು. ಗಡಿಯಾರ ರಿಪೇರಿಯ ಸಣ್ಣ ಸ್ಕ್ರೂಡ್ರೈವರಿನಿಂದ ನನ್ನ ಬೆಲ್ಟ್‌ಪ್ಯಾಕಿನ ಪಕ್ಕದ ತೂತಿನೊಳಗಿನ ತಿರುಪನ್ನು ಕಾಲು ಸುತ್ತು ತಿರುಗಿಸಿ, ಮೈಕನ್ನು ತುಟಿಯ ಅಂಚಿಗೆ ತಂದು ಮಾತಾಡಿದಾಗ ಅದೇ ಹುಡುಗ "ಈಗ ಭಾಳ ಜೋರ ಆತರಿ" ಎಂದು ತಾನೇ ವಾಲ್ಯೂಮ್ ಇಳಿಸಿಕೊಂಡ.

ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಮೂರರಿಂದ ಎಂಟು ಜನರ ತಂಡ ಕಟ್ಟಿಕೊಂಡು ಮದುವೆ, ಜಾತ್ರೆ, ಉತ್ಸವ, ಕಾಲೇಜು ಸಮಾರಂಭಗಳ ನೇರ ಪ್ರಸಾರ ಮಾಡುವವರು ಇಂಟರ್‌ಕಾಮ್ ಕೊಳ್ಳುವಾಗ ಬೆಲೆ ಎಷ್ಟು, ಎಷ್ಟು ದೂರ ಮುಟ್ಟುತ್ತದೆ ಎಂಬ ಎರಡು ಪ್ರಶ್ನೆಗಳನ್ನು ತಪ್ಪದೆ ಕೇಳುತ್ತಾರೆ. ದನಿಯ ಮಟ್ಟವನ್ನು ಹೊಂದಿಸಲು ಆ ಸಾಧನ ಎಲ್ಲೆಲ್ಲಿ ಹಿಡಿತ ಕೊಡುತ್ತದೆ ಎಂಬ ಮೂರನೆಯ ಪ್ರಶ್ನೆಯನ್ನು ಕೇಳುವವರು ಕಡಿಮೆ. ಕೆಳಗಿನ ಹೋಲಿಕೆಯನ್ನೆಲ್ಲ ನಾನು ಆ ಮೂರನೆಯ ಪ್ರಶ್ನೆಯ ಮೇಲೆಯೇ ನಿಲ್ಲಿಸಿದ್ದೇನೆ.

ಇಂಟರ್‌ಕಾಮಿನಲ್ಲಿ ಮಟ್ಟವು ನಾಲ್ಕು ಕಡೆ ನಿರ್ಧಾರವಾಗುತ್ತದೆ. ಮಾತಾಡುವವನ ಮೈಕಿನ ಗೇನ್, ಅಂದರೆ ಮೈಕಿನ ದನಿಯನ್ನು ಎಷ್ಟು ಹಿಗ್ಗಿಸಬೇಕೆಂಬ ಮಟ್ಟ, ಮೊದಲನೆಯದು. ಎಲ್ಲರ ಮಾತೂ ಕೂಡುವ ಲೈನಿನ ಮಟ್ಟ ಎರಡನೆಯದು. ಕೇಳುವವನ ವಾಲ್ಯೂಮ್ ಮೂರನೆಯದು. ಮಾತಾಡುವವನ ದನಿ ಅವನ ಕಿವಿಗೇ ಎಷ್ಟು ಮರಳಬೇಕೆಂದು ತೀರ್ಮಾನಿಸುವ ಸೈಡ್‌ಟೋನ್ ನಾಲ್ಕನೆಯದು. ಜನ ಮುಟ್ಟುವುದು ಮೂರನೆಯದನ್ನು ಮಾತ್ರ, ಏಕೆಂದರೆ ಹೊರಗೆ ಕಾಣುವ ದೊಡ್ಡ ಗುಂಡಿ ಅದೊಂದೇ. ಬಾವಿಯಲ್ಲಿ ನೀರಿದ್ದರೆ ತಾನೇ ಕೊಡ ತುಂಬುವುದು? ಲೈನಿಗೆ ದನಿ ಸಣ್ಣದಾಗಿ ಬಂದಿದ್ದರೆ, ಕಿವಿಯ ಬಳಿ ವಾಲ್ಯೂಮ್ ಏರಿಸಿದಷ್ಟೂ ಅದರ ಜೊತೆಗೆ ಜನರೇಟರಿನ ಹಮ್ಮು, ಉಳಿದ ತೆರೆದ ಮೈಕುಗಳ ಗದ್ದಲ ಎಲ್ಲವೂ ಅಷ್ಟೇ ಏರುತ್ತದೆ.

ಸೈಡ್‌ಟೋನ್ ವಿಷಯವನ್ನು ಇಲ್ಲಿಯೇ ಸ್ವಲ್ಪ ಬಿಡಿಸಿ ಹೇಳಬೇಕು. ತನ್ನ ದನಿ ತನಗೆ ಹೆಚ್ಚು ಕೇಳಿದರೆ ಮನುಷ್ಯ ದನಿ ತಗ್ಗಿಸುತ್ತಾನೆ, ಕಡಿಮೆ ಕೇಳಿದರೆ ಒದರುತ್ತಾನೆ. ಸುತ್ತ ಗದ್ದಲವಿದ್ದಾಗ ನಾವು ತಿಳಿಯದೆಯೇ ದನಿ ಏರಿಸುವ ಈ ಗುಣವನ್ನು ಫ್ರಾನ್ಸಿನ ವೈದ್ಯ ಎತ್ಯೆನ್ ಲೊಂಬಾರ್ 1911ರಲ್ಲಿ ವಿವರಿಸಿದ್ದರು. ಆದ್ದರಿಂದ ಸೈಡ್‌ಟೋನ್ ಎಂಬುದು ಕಿವಿಯ ಸೌಕರ್ಯವಾಗಿ ಕಂಡರೂ ಕೆಲಸದಲ್ಲಿ ಬಾಯಿಯ ಲಗಾಮು. ಅದನ್ನು ಸರಿಪಡಿಸಿದರೆ ಮೈಕ್ ಗೇನ್ ಮುಟ್ಟದೆಯೇ ಲೈನಿನ ಮಟ್ಟ ಅರ್ಧಕ್ಕರ್ಧ ಸರಿಹೋಗುತ್ತದೆ.

ತಂತಿ, ವೈರ್‌ಲೆಸ್, ವಾಕಿಟಾಕಿ, ಮೊಬೈಲ್

ಎಲ್ಲರೂ ಒಂದೇ ಲೈನಿನಲ್ಲಿ ಮಾತಾಡಿ ಕೇಳುವ ತಂತಿಯ ಪಾರ್ಟಿಲೈನ್ ಹಳೆಯ ಪದ್ಧತಿ. ಈ ಕ್ಷೇತ್ರದಲ್ಲಿ ಹೆಚ್ಚು ಕೇಳಿಬರುವ ಕ್ಲಿಯರ್-ಕಾಮ್ ಕಂಪನಿಯ ಹೆಸರು 1968ರಷ್ಟು ಹಿಂದಿನದು. ಮಾತು ಮತ್ತು ಕೇಳುವಿಕೆ ಎರಡೂ ಒಂದೇ ಜೋಡಿ ತಂತಿಯಲ್ಲಿ ಹರಿಯುವುದರಿಂದ ಇದಕ್ಕೆ ಟೂ-ವೈರ್ ಎನ್ನುತ್ತಾರೆ. ಕ್ಲಿಯರ್-ಕಾಮ್ ರೀತಿಯ ಲೈನಿನಲ್ಲಿ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಕೇಬಲ್ಲಿನ ಒಂದನೆಯ ಪಿನ್ನು ಗ್ರೌಂಡ್, ಎರಡನೆಯದರಲ್ಲಿ ಸುಮಾರು 30 ವೋಲ್ಟ್ ಡಿಸಿ ವಿದ್ಯುತ್ತು, ಮೂರನೆಯದರಲ್ಲಿ ದನಿ. ಅಂದರೆ ಯಾವ ಊರಿನ ಮೈಕ್‌ಸೆಟ್ ಅಂಗಡಿಯಲ್ಲಾದರೂ ಸಿಗುವ ಸಾಮಾನ್ಯ ಮೈಕ್ ಕೇಬಲ್ಲೇ ಸಾಕು, ಬೆಲ್ಟ್‌ಪ್ಯಾಕಿಗೆ ಬ್ಯಾಟರಿಯೂ ಬೇಡ. ಆರ್‌ಟಿಎಸ್ ಎಂಬ ಇನ್ನೊಂದು ಕಂಪನಿಯ ರೀತಿಯ ಲೈನಿನಲ್ಲಿ ಅದೇ ಮೂರು ಪಿನ್ನುಗಳಲ್ಲಿ ಎರಡು ಚಾನೆಲ್ ಹರಿಯುತ್ತವೆ, ಪಿನ್ನುಗಳ ಹಂಚಿಕೆಯೂ ಬೇರೆ. ಪ್ಲಗ್ಗು ಒಂದೇ ತರಹ ಕಂಡಿತೆಂದು ಇವೆರಡನ್ನೂ ನೇರವಾಗಿ ಜೋಡಿಸಬಾರದು. ಸೆಕೆಂಡ್ ಹ್ಯಾಂಡ್ ಸಾಮಾನು ಕೊಳ್ಳುವವರು ಮೊದಲು ವಿಚಾರಿಸಬೇಕಾದದ್ದು ಇದನ್ನೇ.

ಟೂ-ವೈರ್ ಲೈನಿನಲ್ಲಿ ಮಟ್ಟವು ನಿಂತಿರುವುದು ಟರ್ಮಿನೇಷನ್ ಮೇಲೆ, ಅಂದರೆ ಲೈನಿಗೆ ಅಡ್ಡಲಾಗಿ ಹಾಕುವ ನಿಗದಿತ ರೋಧದ ಮೇಲೆ. ಕ್ಲಿಯರ್-ಕಾಮ್ ಲೈನಿಗೆ 200 ಓಮ್ ಟರ್ಮಿನೇಷನ್ ಒಂದೇ ಕಡೆ, ಸಾಮಾನ್ಯವಾಗಿ ಮಾಸ್ಟರ್ ಸ್ಟೇಷನ್ ಅಥವಾ ಪವರ್ ಸಪ್ಲೈನಲ್ಲಿ, ಇರಬೇಕು. ಎರಡು ಪವರ್ ಸಪ್ಲೈಗಳನ್ನು ಜೋಡಿಸಿ ಎರಡರಲ್ಲಿಯೂ ಅದು ಆನ್ ಆಗಿ ಉಳಿದರೆ ಲೈನಿನ ದನಿ ಸುಮಾರು 6 ಡೆಸಿಬಲ್ ಕುಸಿಯುತ್ತದೆ. ಎಲ್ಲಿಯೂ ಇಲ್ಲದಿದ್ದರೆ ದನಿ ವಿಪರೀತ ಏರಿ ಸೀಟಿ ಹೊಡೆಯಲು ಶುರುವಾಗುತ್ತದೆ. ಎಲ್ಲರಿಗೂ ಒಟ್ಟಿಗೆ ಕಡಿಮೆ ಕೇಳುತ್ತಿದೆಯೆಂದರೆ ಬೆಲ್ಟ್‌ಪ್ಯಾಕುಗಳನ್ನು ಬಿಚ್ಚುವ ಮೊದಲು ಈ ಸ್ವಿಚ್ಚನ್ನು ನೋಡಬೇಕು.

ಈ ಪದ್ಧತಿಯ ದೊಡ್ಡ ಅನುಕೂಲವೆಂದರೆ ಪ್ರತಿ ಬೆಲ್ಟ್‌ಪ್ಯಾಕಿನಲ್ಲಿಯೂ ಸೈಡ್‌ಟೋನಿಗೆ ಬೇರೆಯದೇ ತಿರುಪು ಇರುವುದು. ದೊಡ್ಡ ತೊಡಕೆಂದರೆ ಆ ತಿರುಪಿನ ಸರಿಯಾದ ಜಾಗ ಲೈನಿನ ಸ್ಥಿತಿಯನ್ನು ಅವಲಂಬಿಸಿರುವುದು. ಕೇಬಲ್ ಉದ್ದ ಬದಲಾದರೆ, ಎರಡು ಬೆಲ್ಟ್‌ಪ್ಯಾಕ್ ಹೆಚ್ಚಾದರೆ, ನಿನ್ನೆ ಅಂಗಳದಲ್ಲಿ ಹೊಂದಿಸಿದ ಸೈಡ್‌ಟೋನ್ ಇಂದು ತಪ್ಪುತ್ತದೆ. ಹಾಗಾಗಿ ಎಲ್ಲ ಕೇಬಲ್ ಎಳೆದು, ಎಲ್ಲ ಪೆಟ್ಟಿಗೆ ಜೋಡಿಸಿದ ಮೇಲೆಯೇ ಸ್ಕ್ರೂಡ್ರೈವರ್ ಹಿಡಿಯಬೇಕು. ಇಷ್ಟು ತಾಳ್ಮೆಯಿರುವ ತಂಡಕ್ಕೆ, ಐದಾರು ಜನ ನಿಂತಲ್ಲೇ ನಿಂತು ಕೆಲಸ ಮಾಡುವ ಕಾರ್ಯಕ್ರಮಕ್ಕೆ, ನನ್ನ ಮೊದಲ ಆಯ್ಕೆ ಈಗಲೂ ತಂತಿಯೇ.

ವೈರ್‌ಲೆಸ್ ಹೆಡ್‌ಸೆಟ್‌ಗಳ ಪರವಾಗಿ ಪ್ರಾಮಾಣಿಕವಾಗಿ ಹೇಳಬೇಕಾದ ಒಂದು ಮಾತಿದೆ. ಅವುಗಳಲ್ಲಿ ಸೈಡ್‌ಟೋನ್ ಆಯಾ ಹೆಡ್‌ಸೆಟ್‌ನೊಳಗೇ ಹುಟ್ಟುವುದರಿಂದ ಜನ ಸೇರಲಿ, ಬಿಡಲಿ, ಅದು ಅಲುಗುವುದಿಲ್ಲ. ಎಲ್ಲರೂ ಏಕಕಾಲಕ್ಕೆ ಮಾತಾಡಬಲ್ಲ ಇಂಥ ಸೆಟ್‌ಗಳನ್ನು ಪೆಟ್ಟಿಗೆಯಿಂದ ತೆಗೆದು ಹತ್ತು ನಿಮಿಷದಲ್ಲಿ ಕೆಲಸಕ್ಕೆ ಹಚ್ಚಬಹುದು. ಆದರೆ ಕಡಿಮೆ ಬೆಲೆಯವುಗಳಲ್ಲಿ ಸೈಡ್‌ಟೋನ್ ಮತ್ತು ಮೈಕ್ ಗೇನ್ ಎರಡೂ ಮೂರ್ನಾಲ್ಕು ಹಂತಗಳಿಗೆ ಸೀಮಿತ, ಕೆಲವದರಲ್ಲಿ ತಯಾರಕರು ಇಟ್ಟದ್ದೇ ಕೊನೆ. 2.4 ಗಿಗಾಹರ್ಟ್ಸ್‌ನಲ್ಲಿ ನಡೆಯುವ ಸೆಟ್‌ಗಳು ವೈಫೈ, ಬ್ಲೂಟೂತ್‌ಗಳೊಡನೆ ಜಾಗ ಹಂಚಿಕೊಳ್ಳುತ್ತವೆ. ಬೆಳಿಗ್ಗೆ ಖಾಲಿ ಮೈದಾನದಲ್ಲಿ ಸರಿಯಾಗಿ ಮುಟ್ಟಿದ ದನಿ ಸಂಜೆ ಜನ ಸೇರಿದ ಮೇಲೆ ತುಂಡುತುಂಡಾಗುವುದು ಇದರಿಂದಲೇ. ತುಂಡಾಗುವ ದನಿಯನ್ನು ಕಡಿಮೆಯಾದ ದನಿಯೆಂದು ಭಾವಿಸಿ ವಾಲ್ಯೂಮ್ ಏರಿಸುವುದು ಹೊಸಬರ ಸಾಮಾನ್ಯ ತಪ್ಪು. ಕೊಳ್ಳುವಾಗ ಅಂಗಡಿಯವರು ದೂರದ ಅಂಕಿ ಹೇಳಿದರೆ, ಅದು ನಡುವೆ ಯಾವ ಅಡ್ಡಿಯೂ ಇಲ್ಲದ ಬಯಲಿನ ಅಂಕಿ ಎಂದು ತಿಳಿದುಕೊಂಡು, ಜನರ ಮೈಯೂ ಒಂದು ಗೋಡೆಯೇ ಎಂಬುದನ್ನು ಲೆಕ್ಕಕ್ಕೆ ಹಿಡಿಯಬೇಕು.

ತಂತಿ ಮತ್ತು ವೈರ್‌ಲೆಸ್ ಎರಡನ್ನೂ ಬೆಸೆಯುವವರಿಗೆ ಇನ್ನೊಂದು ಎಚ್ಚರಿಕೆ ಬೇಕು. ಡಿಜಿಟಲ್ ವೈರ್‌ಲೆಸ್‌ನಲ್ಲಿ ದನಿ ಕೆಲವು ಹತ್ತು ಮಿಲಿಸೆಕೆಂಡುಗಳಷ್ಟು ತಡವಾಗಿ ಹೋಗುತ್ತದೆ. ಎರಡರ ನಡುವೆ ಹೋಗುವ ದನಿ, ಬರುವ ದನಿಗಳನ್ನು ಬೇರ್ಪಡಿಸುವ ಹೈಬ್ರಿಡ್ ಸರಿಯಾಗಿ ನಲ್ ಆಗದಿದ್ದರೆ, ಅಂದರೆ ಮರಳುವ ದನಿಯನ್ನು ಅಳಿಸದಿದ್ದರೆ, ವೈರ್‌ಲೆಸ್‌ನವನ ಮಾತು ಟೂ-ವೈರ್ ಲೈನನ್ನು ಮುಟ್ಟಿ ಅವನಿಗೇ ಪ್ರತಿಧ್ವನಿಯಾಗಿ ಮರಳುತ್ತದೆ. ಇಲ್ಲಿ ಮಟ್ಟ ತಗ್ಗಿಸಿದರೆ ಪ್ರತಿಧ್ವನಿಯೊಂದಿಗೆ ಮಾತೂ ತಗ್ಗುತ್ತದೆ. ನಲ್ ಹೊಂದಿಸುವುದೊಂದೇ ದಾರಿ. ಆ ಹೊಂದಾಣಿಕೆಯ ಸೌಲಭ್ಯವಿಲ್ಲದ ಇಂಟರ್‌ಫೇಸನ್ನು ಅಗ್ಗವಾಗಿ ಕೊಟ್ಟರೂ ನಾನು ಕೊಳ್ಳುವುದಿಲ್ಲ.

ಹೋಗುವ ದನಿ, ಬರುವ ದನಿ ಎರಡಕ್ಕೂ ಬೇರೆಬೇರೆ ಜೋಡಿ ತಂತಿಯಿರುವ ಫೋರ್-ವೈರ್ ಮತ್ತು ಮೇಟ್ರಿಕ್ಸ್ ಪದ್ಧತಿಯಲ್ಲಿ ಯಾರ ಮಾತು ಯಾರಿಗೆ ಎಷ್ಟು ಎಂಬುದನ್ನು ಒಂದೊಂದಾಗಿ ಹೊಂದಿಸಬಹುದು. ಸ್ಟುಡಿಯೋಗೆ, ಹೊರಾಂಗಣ ಪ್ರಸಾರದ ಒಬಿ ವ್ಯಾನಿಗೆ ಅದು ಸರಿ. ಮದುವೆ ಮನೆಗೆ ಅಲ್ಲ.

ವಾಕಿಟಾಕಿಯಲ್ಲಿ ಒಬ್ಬರು ಮಾತಾಡುವಾಗ ಉಳಿದವರು ಸುಮ್ಮನಿರಬೇಕು, ಸಾಮಾನ್ಯ ಸೆಟ್‌ಗಳಲ್ಲಿ ಸೈಡ್‌ಟೋನ್ ಇರುವುದಿಲ್ಲ, ಆದ್ದರಿಂದ ಎಲ್ಲರೂ ಒದರುತ್ತಾರೆ. ಪಾರ್ಕಿಂಗ್ ನೋಡಿಕೊಳ್ಳುವವರಿಗೆ, ಸ್ವಾಗತದ ಬಾಗಿಲಿಗೆ ಅಷ್ಟು ಸಾಕು. ಮೊಬೈಲ್ ಕಾನ್ಫರೆನ್ಸ್ ಕಾಲ್ ಪುಕ್ಕಟೆಯೇನೋ ಹೌದು. ಆದರೆ ಫೋನು ತಾನಾಗಿಯೇ ಗೇನ್ ಏರಿಳಿಸುವುದರಿಂದ ನಿರ್ದೇಶಕ ಮಾತು ನಿಲ್ಲಿಸಿದಾಗಲೆಲ್ಲ ಜಾತ್ರೆಯ ಗದ್ದಲ ಉಬ್ಬಿ ಬರುತ್ತದೆ, ಮತ್ತೆ ಮಾತಾಡಿದಾಗ ಮೊದಲ ಪದ ನುಂಗಿಹೋಗುತ್ತದೆ. "ಎರಡು, ರೆಡಿ" ಎನ್ನುವಲ್ಲಿ "ರೆಡಿ" ಮಾತ್ರ ಕೇಳಿದರೆ ಮೂವರೂ ಕ್ಯಾಮೆರಾ ಹಿಡಿದು ಗಾಬರಿಯಾಗುತ್ತಾರೆ.

ಒಂದು ಕಿವಿಯೋ, ಎರಡು ಕಿವಿಯೋ

ಹೆಡ್‌ಸೆಟ್ ಆಯ್ಕೆಯಲ್ಲಿ ಜನ ಮೊದಲು ನೋಡುವುದು ತಲೆಗೆ ಹಗುರವಾಗಿದೆಯೇ ಎಂದು. ಅದೂ ಮುಖ್ಯವೇ, ಏಕೆಂದರೆ ನಾಟಕ ಮುಗಿಯುವುದು ನಸುಕಿಗೆ. ಆದರೆ ಒಂದು ಕಿವಿ ಮುಚ್ಚುವುದೋ, ಎರಡನ್ನೂ ಮುಚ್ಚುವುದೋ ಎಂಬುದನ್ನು ಲೆಕ್ಕ ಹಾಕಿಯೇ ತೀರ್ಮಾನಿಸಬೇಕು. ಬೇಯರ್‌ಡೈನಾಮಿಕ್ ಕಂಪನಿಯ ಡಿಟಿ 108 ಒಂದು ಕಿವಿಯದು, ಡಿಟಿ 109 ಎರಡು ಕಿವಿಯದು; ಹೆಚ್ಚಿನ ತಯಾರಕರು ಹೀಗೆಯೇ ಜೋಡಿ ಮಾದರಿಗಳನ್ನು ಮಾಡುತ್ತಾರೆ.

ಸ್ಪೀಕರ್ ಸಾಲಿನ ಪಕ್ಕ ನಿಂತ ಕ್ಯಾಮೆರಾಮನ್‌ನ ಸುತ್ತ 95 ಡೆಸಿಬಲ್ ಸದ್ದಿದೆ ಎಂದಿಟ್ಟುಕೊಳ್ಳೋಣ. ಮಾತು ಸಲೀಸಾಗಿ ತಿಳಿಯಬೇಕಾದರೆ ಅದು ಸುತ್ತಲಿನ ಸದ್ದಿಗಿಂತ ಹತ್ತು ಡೆಸಿಬಲ್‌ನಷ್ಟಾದರೂ ಮೇಲಿರಬೇಕು. ಸದ್ದನ್ನು ತಡೆಯದ ಹಗುರ ಹೆಡ್‌ಸೆಟ್ ಹಾಕಿದವನು ಹೀಗಾಗಿ ಕಿವಿಯೊಳಗೆ 105 ಡೆಸಿಬಲ್ ತುಂಬಿಸಿಕೊಳ್ಳಬೇಕಾಗುತ್ತದೆ. ಹೊರಗಿನ ಸದ್ದನ್ನು 15 ಡೆಸಿಬಲ್ ತಡೆಯುವ, ಎರಡೂ ಕಿವಿ ಮುಚ್ಚುವ ಹೆಡ್‌ಸೆಟ್‌ನಲ್ಲಿ ಒಳಗೆ ಉಳಿಯುವುದು 80, ಮಾತಿಗೆ 90 ಸಾಕು. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯಾದ ನಿಯೋಷ್‌ನ ಶಿಫಾರಸಿನ ಪ್ರಕಾರ 85 ಡೆಸಿಬಲ್‌ಗೆ ದಿನಕ್ಕೆ 8 ಗಂಟೆ ಮಿತಿ, ಮುಂದೆ ಪ್ರತಿ 3 ಡೆಸಿಬಲ್ ಏರಿಕೆಗೆ ಆ ಹೊತ್ತು ಅರ್ಧವಾಗುತ್ತದೆ. ಆ ಲೆಕ್ಕದಲ್ಲಿ 90 ಡೆಸಿಬಲ್‌ಗೆ ಸುಮಾರು ಎರಡೂವರೆ ಗಂಟೆ ಸಿಗುತ್ತದೆ, ಅದೂ ಮಾತು ಎಡೆಬಿಡದೆ ನಡೆದರೆ. 105ಕ್ಕೆ ಐದು ನಿಮಿಷವೂ ಇಲ್ಲ. ಇನ್ನು ಒಂದು ಕಿವಿಯ ಹೆಡ್‌ಸೆಟ್ ಹಾಕಿದವನ ತೆರೆದ ಕಿವಿಗೆ ಆ 95 ಡೆಸಿಬಲ್ ನೇರವಾಗಿ ಬೀಳುತ್ತಿರುತ್ತದೆ. ಅದರ ಮಿತಿ ಮುಕ್ಕಾಲು ಗಂಟೆ ಚಿಲ್ಲರೆ. ಗಣೇಶನ ವಿಸರ್ಜನೆಯ ಮೆರವಣಿಗೆಯನ್ನು ಬೆಳಗಾವಿಯ ಬೀದಿಗಳಲ್ಲಿ ಚಿತ್ರೀಕರಿಸಿದ ಯಾರಿಗೂ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಆದರೂ ನಿರ್ದೇಶಕನಿಗೆ, ಅಂದರೆ ಕ್ಯಾಮೆರಾಗಳ ಚಿತ್ರ ಬದಲಿಸುವ ಸ್ವಿಚರ್ ಮುಂದೆ ಕುಳಿತವನಿಗೆ, ಒಂದು ಕಿವಿಯದೇ ಒಳ್ಳೆಯದು. ಅವನು ಕಾರ್ಯಕ್ರಮದ ದನಿಯನ್ನೂ ಪಕ್ಕದವರ ಮಾತನ್ನೂ ಕೇಳಬೇಕು, ಮತ್ತು ತೆರೆದ ಕಿವಿಯಿಂದ ತನ್ನ ದನಿ ತಾನಾಗಿ ಕೇಳುವುದರಿಂದ ಅವನಿಗೆ ಸೈಡ್‌ಟೋನ್ ಕಡಿಮೆ ಸಾಕಾಗುತ್ತದೆ. ಎರಡೂ ಕಿವಿ ಮುಚ್ಚಿದವನಿಗೆ ಸೈಡ್‌ಟೋನ್ ಸ್ವಲ್ಪ ಹೆಚ್ಚೇ ಬೇಕು, ಇಲ್ಲವಾದರೆ ನೆಗಡಿ ಬಂದು ಕಿವಿ ಕಟ್ಟಿದಂತಾಗಿ ಒದರಲು ಶುರುಮಾಡುತ್ತಾನೆ. ಹೆಡ್‌ಸೆಟ್ ಅದಲುಬದಲು ಮಾಡಿದರೆ ಸೈಡ್‌ಟೋನ್ ತಿರುಪನ್ನೂ ಮತ್ತೆ ನೋಡಬೇಕೆನ್ನುವುದು ಇದಕ್ಕಾಗಿಯೇ.

ಮೈಕಿನಲ್ಲಿ ಡೈನಾಮಿಕ್, ಎಲೆಕ್ಟ್ರೆಟ್ ಎಂಬ ಎರಡು ಬಗೆ. ಡೈನಾಮಿಕ್ ಮೈಕಿಗೆ ವಿದ್ಯುತ್ ಬೇಡ, ಅದರ ದನಿ ಸಣ್ಣದು. ಎಲೆಕ್ಟ್ರೆಟ್‌ಗೆ ಬೆಲ್ಟ್‌ಪ್ಯಾಕ್ ಬಯಾಸ್ ಎಂದು ಕರೆಯುವ ಕೆಲವು ವೋಲ್ಟ್ ವಿದ್ಯುತ್ತು ಕೊಡಬೇಕು, ಅದರಿಂದ ಬರುವ ದನಿ ಬಹಳ ದೊಡ್ಡದು. ಬೆಲ್ಟ್‌ಪ್ಯಾಕ್ ಡೈನಾಮಿಕ್‌ಗೆಂದು ಮಾಡಿದ್ದಾಗ ಎಲೆಕ್ಟ್ರೆಟ್ ಮೈಕಿನ ಕಂಪ್ಯೂಟರ್ ಗೇಮಿಂಗ್ ಹೆಡ್‌ಸೆಟ್‌ಗೆ ಪ್ಲಗ್ ಬದಲಿಸಿ ಚುಚ್ಚಿದರೆ ದನಿ ಬರುವುದೇ ಇಲ್ಲ. ಎಲೆಕ್ಟ್ರೆಟ್‌ಗೆಂದು ಹೊಂದಿಸಿದ ಪೆಟ್ಟಿಗೆಗೆ ಡೈನಾಮಿಕ್ ಹಾಕಿದರೆ ಬಾವಿಯೊಳಗಿಂದ ಮಾತಾಡಿದಂತಿರುತ್ತದೆ. ಗದ್ದಲದ ಜಾಗಕ್ಕೆ ನಾನು ಶಿಫಾರಸು ಮಾಡುವುದು ಬಾಯಿಗೆ ಹತ್ತಿರ ಹಿಡಿಯುವ, ಹೊರಗಿನ ಸದ್ದು ಕತ್ತರಿಸುವ ಡೈನಾಮಿಕ್ ಮೈಕನ್ನು. ಅದು ತುಟಿಯ ಅಂಚಿನಿಂದ ಒಂದು ಬೆರಳಿನ ಅಗಲಕ್ಕೆ, ಉಸಿರು ನೇರ ತಾಗದಂತೆ ಸ್ವಲ್ಪ ಓರೆಯಾಗಿ ಇರಬೇಕು. ಬಾಯಿಂದ ಮೈಕಿನ ದೂರ ಎರಡು ಪಟ್ಟಾದರೆ ದನಿ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಎರಡು ಕಡೆ ಟರ್ಮಿನೇಷನ್ ಹಾಕಿ ಕಳೆದುಕೊಳ್ಳುವಷ್ಟೇ ದನಿಯನ್ನು ಒಂದು ಬೆರಳಿನ ಅಜಾಗರೂಕತೆ ಕಳೆದುಬಿಡುತ್ತದೆ. ಎಲೆಯಡಿಕೆ ಜಗಿಯುವ ಕ್ಯಾಮೆರಾಮನ್‌ಗಳು ಮೈಕನ್ನು ಗದ್ದಕ್ಕೆ ಇಳಿಸುವ ಅಭ್ಯಾಸವನ್ನು ಬಿಡಿಸುವುದು ಮಾತ್ರ ಯಾವ ಗುಂಡಿಯಿಂದಲೂ ಸಾಧ್ಯವಾಗಿಲ್ಲ.

ಇಯರ್‌ಫೋನಿನ ಓಮ್ ಅಂಕಿಯನ್ನೂ ನೋಡಿರಿ. ಒಂದೇ ಬೆಲ್ಟ್‌ಪ್ಯಾಕಿಗೆ 50 ಓಮ್‌ನದನ್ನು ಹಾಕಿದಾಗ ಕೇಳುವಷ್ಟು ಜೋರಾಗಿ 400 ಓಮ್‌ನದರಲ್ಲಿ ಸಾಮಾನ್ಯವಾಗಿ ಕೇಳುವುದಿಲ್ಲ. ತಂಡದ ಎಲ್ಲರಿಗೂ ಒಂದೇ ಮಾದರಿಯ ಹೆಡ್‌ಸೆಟ್ ಕೊಂಡರೆ ಈ ತಲೆನೋವೇ ಇರುವುದಿಲ್ಲ. ಹಣ ಕಡಿಮೆಯಿದ್ದರೆ ಬೆಲ್ಟ್‌ಪ್ಯಾಕನ್ನು ಹಳೆಯದು ಕೊಳ್ಳಿರಿ, ಹೆಡ್‌ಸೆಟನ್ನು ಹೊಸದು ಕೊಳ್ಳಿರಿ.

ಹೊಂದಿಸುವ ಕ್ರಮ

ಎಲ್ಲ ಮೈಕುಗಳನ್ನು ಆಫ್ ಮಾಡಿಸಿ, ಎಲ್ಲರ ವಾಲ್ಯೂಮನ್ನು ಅರ್ಧಕ್ಕೆ ಇಡಿಸಿ, ಸ್ಪೀಕರುಗಳಲ್ಲಿ ಹಾಡು ಹಾಕಿಸಿದ ಮೇಲೆ ಕೆಲಸ ಶುರುವಾಗಬೇಕು. ಮೌನದಲ್ಲಿ ಹೊಂದಿಸಿದ ಮಟ್ಟ ಮೌನದಲ್ಲಿ ಮಾತ್ರ ಉಪಯೋಗಕ್ಕೆ ಬರುತ್ತದೆ. ಮೊದಲು ನಿರ್ದೇಶಕ ಒಬ್ಬನೇ ಮೈಕ್ ತೆರೆದು, "ಚೆಕ್ ಚೆಕ್" ಎಂದು ನಾಚುತ್ತ ಹೇಳದೆ, ಕಾರ್ಯಕ್ರಮದಲ್ಲಿ ಆಡುವ ದನಿಯಲ್ಲಿಯೇ ಆಡುವ ಮಾತುಗಳನ್ನು ಹೇಳಬೇಕು. ಅವನ ಸೈಡ್‌ಟೋನನ್ನು ಪೂರ್ತಿ ತಗ್ಗುವ ಬಿಂದುವಿನವರೆಗೆ ತಿರುಗಿಸಿ, ಅಲ್ಲಿಂದ ತನ್ನ ದನಿ ತನಗೆ ಮೆಲ್ಲಗೆ ಕೇಳುವಷ್ಟು ಮಾತ್ರ ಹಿಂದಕ್ಕೆ ತರಬೇಕು. ಆಮೇಲೆ ಗೇನ್ ಇದ್ದರೆ ಗೇನ್. ನಂತರ ಒಬ್ಬೊಬ್ಬರದಾಗಿ ಇದೇ ಕೆಲಸ. ಕೇಳುವವರ ವಾಲ್ಯೂಮನ್ನು ಕೊನೆಯಲ್ಲಿ ಅವರವರಿಗೇ ಬಿಡಬೇಕು. ಗುಂಡಿ ಮುಕ್ಕಾಲು ದಾಟಿ ಹೋದವನಿದ್ದರೆ ಅವನ ಹೆಡ್‌ಸೆಟ್‌ನಲ್ಲೋ ಉಳಿದವರ ಬಾಯಿಯಲ್ಲೋ ಏನೋ ತಪ್ಪಿದೆ ಎಂದು ತಿಳಿಯಬೇಕು.

ಮೈಕ್ ತೆರೆದಿಡುವ ಚಾಳಿಯ ಬಗ್ಗೆ ಕಟ್ಟುನಿಟ್ಟಾಗಿರಬೇಕು. ಒಂದೇ ಮಟ್ಟದ ಗದ್ದಲ ಹಿಡಿಯುವ ಆರು ಮೈಕುಗಳು ತೆರೆದಿದ್ದರೆ ಲೈನಿನ ಗದ್ದಲ ಒಂದು ಮೈಕಿನದಕ್ಕಿಂತ ಸುಮಾರು 8 ಡೆಸಿಬಲ್ ಹೆಚ್ಚು. ಒತ್ತಿದಾಗ ಮಾತ್ರ ತೆರೆಯುವ ಬಟನ್ ಇರುವ ಬೆಲ್ಟ್‌ಪ್ಯಾಕನ್ನು ಕ್ಯಾಮೆರಾಮನ್‌ಗಳಿಗೆ ಕೊಡುವುದೂ, ಒತ್ತಿ ಬಿಟ್ಟರೂ ತೆರೆದೇ ಉಳಿಯುವುದನ್ನು ನಿರ್ದೇಶಕನಿಗೆ ಕೊಡುವುದೂ ಒಳ್ಳೆಯ ಹಂಚಿಕೆ. ಚಹಾಕ್ಕೆ ಎದ್ದವನು ಮೈಕ್ ತೆರೆದೇ ಹೆಡ್‌ಸೆಟನ್ನು ಮೇಜಿನ ಮೇಲೆ ಇಟ್ಟರೆ ಇಯರ್‌ಫೋನಿನ ದನಿ ಅದೇ ಮೈಕಿಗೆ ಹೊಕ್ಕು ಇಡೀ ಲೈನು ಸೀಟಿ ಹೊಡೆಯುತ್ತದೆ. ತೋಳು ಮೇಲೆತ್ತಿದರೆ ತಾನಾಗಿ ಮೈಕ್ ಆಫ್ ಆಗುವ ಹೆಡ್‌ಸೆಟ್‌ಗೆ ಸ್ವಲ್ಪ ಹೆಚ್ಚು ಹಣ ಕೊಟ್ಟರೂ ನಷ್ಟವಿಲ್ಲ.

ನಿರೂಪಕರ ಕಿವಿಗೆ ಹೋಗುವ ದನಿ ಬೇರೆಯದೇ ಲೆಕ್ಕ. ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ನಡೆಯುವಾಗ ನೇರ ವರದಿ ಕೊಡುವವರ ಕಿವಿಯಲ್ಲಿ ಕಾರ್ಯಕ್ರಮದ ದನಿಯೂ, ಅದನ್ನು ತಗ್ಗಿಸಿ ನಡುವೆ ಬರುವ ನಿರ್ಮಾಪಕರ ಸೂಚನೆಯೂ ಇರುತ್ತವೆ. ಸೂಚನೆ ಬಂದಾಗ ಕಾರ್ಯಕ್ರಮದ ದನಿಯನ್ನು ಪೂರ್ತಿ ಕಡಿಯುವುದಕ್ಕಿಂತ 10ರಿಂದ 20 ಡೆಸಿಬಲ್ ತಗ್ಗಿಸುವುದು ಮೇಲು, ಇಲ್ಲವಾದರೆ ಸಂಪರ್ಕವೇ ಹೋಯಿತೆಂದು ವರದಿಗಾರ ಮಾತು ನಿಲ್ಲಿಸುತ್ತಾನೆ. ಅದಕ್ಕಿಂತ ಮುಖ್ಯವಾಗಿ, ಅವನಿಗೆ ಕಳಿಸುವ ದನಿಯಲ್ಲಿ ಅವನ ಸ್ವಂತ ದನಿ ಇರಕೂಡದು. ಸುಮಾರು 200 ಮಿಲಿಸೆಕೆಂಡ್ ತಡವಾಗಿ ತನ್ನ ಮಾತು ತನಗೇ ಕೇಳಿದರೆ ಎಂಥ ಮಾತುಗಾರನೂ ತೊದಲುತ್ತಾನೆ. ಗೋಳಗುಮ್ಮಟದ ಪಿಸುಮಾತಿನ ಗ್ಯಾಲರಿಯಲ್ಲಿ ಎರಡು ವಾಕ್ಯ ಒಟ್ಟಿಗೆ ಹೇಳಲು ಪ್ರಯತ್ನಿಸಿದವರಿಗೆ ಈ ಇಕ್ಕಟ್ಟು ಗೊತ್ತು. ಆದ್ದರಿಂದ ಸಣ್ಣ ತಂಡದವರು ನಿರೂಪಕರಿಗೂ ದನಿ ಕೊಡಬೇಕಾಗಿದ್ದರೆ, ಇಂಟರ್‌ಕಾಮ್‌ಗಿಂತ ಮೊದಲು ತಮ್ಮ ಆಡಿಯೋ ಮಿಕ್ಸರಿನಲ್ಲಿ ಮಿಕ್ಸ್-ಮೈನಸ್, ಅಂದರೆ ಅವರ ಸ್ವಂತ ದನಿ ಬಿಟ್ಟು ಉಳಿದದ್ದರ ಮಿಶ್ರಣ, ಮಾಡಲು ಬೇರೆ ಮಿಶ್ರಣ ಹೊರಡಿಸುವ ಒಂದು ಬಿಡಿ ಆಕ್ಸ್ ಔಟ್‌ಪುಟ್ ಖಾಲಿ ಇದೆಯೇ ಎಂದು ನೋಡಿಕೊಳ್ಳಬೇಕು.

ಬಾಡಿಗೆಗೆ ತರುವವರು ಕೌಂಟರಿನಲ್ಲಿಯೇ ಎರಡು ಬೆಲ್ಟ್‌ಪ್ಯಾಕ್ ಜೋಡಿಸಿ, ಹೆಡ್‌ಸೆಟ್ ಹಾಕಿಕೊಂಡು, ಸೈಡ್‌ಟೋನ್ ತಿರುಪನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ ನೋಡಲಿ. ನಡುವೆ ಎಲ್ಲಿಯೋ ದನಿ ಸ್ಪಷ್ಟವಾಗಿ ತಗ್ಗಿ ಮತ್ತೆ ಏರಿದರೆ ಪೆಟ್ಟಿಗೆ ಸರಿಯಿದೆ. ತಿರುಗಿಸಿದಷ್ಟೂ ಬದಲಾಗದಿದ್ದರೆ, ಕರಕರ ಸದ್ದು ಬಂದರೆ, ಇನ್ನೊಂದನ್ನು ಕೇಳಿ ಪಡೆಯಲಿ.